ಎರಡು ಒತ್ತುವ ಲಾಲಸಾಬ ಕಾಕಾ

ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮೊದಲು ಲಾಲಸಾಬ ಕಾಕಾ ತಲೆಗೆ ಟೋಪಿ ಹಾಕಿಕೊಳ್ಳುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಗಡ್ಡ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲದರಿಂದ ಹತ್ತಿಯ ಎಳೆ ಕೊಡವಿ, ಅಂಗಡಿಯ ಕಟ್ಟೆಯ ಮೇಲೆ ನೆಟ್ಟಗೆ ಕುಳಿತು, ಆಮೇಲೆ ನಂಬರು ಒತ್ತುತ್ತಿದ್ದರು.

"ಕಾಕಾ, ಅವರಿಗೇನು ನೀವು ಕಾಣ್ತೀರೇನು?" ಎಂದು ನಾವು ನಗುತ್ತಿದ್ದೆವು.

"ಕಾಣೂದಿಲ್ಲಪಾ. ಆದ್ರ ದನಿ ಕೇಳಿದ್ರ ಗೊತ್ತಾಗತೈತಿ, ಟೋಪಿ ಹಾಕ್ಕೊಂಡು ಮಾತಾಡಾಕತ್ತಾನೋ ಇಲ್ಲೋ ಅಂತ."

ಟೋಪಿ ಬಿಳಿಯದು ಎಂದು ಬರೆದಿದ್ದೆ. ತಂಗಿ ಗೌರಿಗೆ ಓದಿ ಹೇಳಿದರೆ, "ಕರೀದೋ ಅಣ್ಣಾ. ಬಿಳೀದು ಬರೇ ಹಬ್ಬಕ್ಕ," ಎಂದಳು. ಅವ್ವನನ್ನು ಕೇಳಿದರೆ ಅದು ಟೋಪಿಯೇ ಅಲ್ಲ, ಟವೆಲ್ ಎನ್ನುತ್ತಾಳೆ. ಬಣ್ಣದ ಮಾತನ್ನು ಹೊಡೆದುಹಾಕಿದ್ದೇನೆ. ಟೋಪಿಯನ್ನು ಮಾತ್ರ ಹಟಕ್ಕೆ ಉಳಿಸಿಕೊಂಡಿದ್ದೇನೆ. ಇಲ್ಲಿ ಬರುವ ಮಾತುಗಳನ್ನು ನಂಬಬಹುದು. ಅವನ್ನು ನಮ್ಮ ಓಣಿಯವರು ಇಂದಿಗೂ ಆಡುತ್ತಾರೆ. ಆಡುವಾಗ ಒಂದಿಷ್ಟು ತಿದ್ದುತ್ತಾರೆ ಎನ್ನುವುದೂ ನಿಜ.

ಮಹಾರಾಷ್ಟ್ರದ ಗಡಿಯೂರು ಬಾಲಗಾಂವದ ನಮ್ಮ ಓಣಿಯ ತುದಿಯಲ್ಲಿ ಅವರದು ಗಾದಿ, ಅಂದರೆ ಹತ್ತಿಯ ಹಾಸಿಗೆ, ಮಾಡುವ ಅಂಗಡಿ. ಅವರ ಅಪ್ಪ ಬಿಲ್ಲಿನ ನಾರಿ ಮಿಡಿದು ಹತ್ತಿ ಪಿಂಜಿ ಬಿಡಿಸುತ್ತಿದ್ದರಂತೆ. ಕಾಕಾ ಕರೆಂಟಿನ ಮಷಿನ್ ತಂದು ಬಿಲ್ಲನ್ನು ಗೋಡೆಗೆ ನೇತುಹಾಕಿದ್ದರು. ನನ್ನಂಥ ಓದಿದವರು ಯಾರಾದರೂ ಬಂದು ಆ ಬಿಲ್ಲಿನ ನಾದ, ಆ ಕಾಲ ಎಂದೆಲ್ಲ ಶುರು ಮಾಡಿದರೆ, "ಅದರಾಗ ಒಂದು ಗಾದಿ ಪಿಂಜಿ ನೋಡ್ರಿ ಮಾಸ್ತರ. ಭುಜಾ ಉಳೀತಂದ್ರ ಆಮ್ಯಾಲ ಹೊಗಳೂಣು," ಎನ್ನುತ್ತಿದ್ದರು. ನಾನು ಜತ್ತಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಮಾಸ್ತರ ಎಂಬ ಆ ಪದವಿಯನ್ನು ನನಗೆ ಗೌರವಕ್ಕೆ ಅವರೆಂದೂ ಬಳಸಿದ್ದು ನೆನಪಿಲ್ಲ.

ಮಷಿನ್ ಎಂದರೆ ಅವರಿಗೆ ಪ್ರೀತಿ. ಆದರೆ ಮಾತನಾಡುವ ಮಷಿನ್ನಿನ ಬಗ್ಗೆ ಬೇರೆ ನಿಯಮವಿತ್ತು. ಕನ್ನಡ, ದಖನಿ, ಮರಾಠಿ ಮೂರೂ ಅವರ ನಾಲಿಗೆಯ ಮೇಲೆ ಒಂದೇ ಓಣಿಯ ಮಕ್ಕಳ ಹಾಗೆ ಓಡಾಡಿಕೊಂಡಿದ್ದವು. ಎದುರಿಗೆ ಮನುಷ್ಯ ಬಂದರೆ ಅವನ ಭಾಷೆಗೆ ತಾವೇ ಹೋಗುತ್ತಿದ್ದರು. ಫೋನಿನಲ್ಲಿ ಮೊದಲೇ ತುಂಬಿಟ್ಟ ದನಿಯೊಂದು ಮರಾಠಿಗೆ ಇದು ಒತ್ತಿ, ಹಿಂದಿಗೆ ಅದು ಒತ್ತಿ, ಇಂಗ್ಲಿಷಿಗೆ ಇನ್ನೊಂದು ಒತ್ತಿ ಎಂದಾಗ ಮಾತ್ರ ಕಾಕಾ ಏನನ್ನೂ ಒತ್ತುತ್ತಿರಲಿಲ್ಲ.

"ಮನಷ್ಯಾನ ತಲಿ ಒಂದ ಇರತೈತಿ. ಅವಗ ತ್ರಾಸ ಕೊಡಬಾರದು, ನಾವ ಅವನ ಕಡೆ ಹೋಗಬೇಕು. ಮಷಿನ್ನಿಗೆ ಏನ ಧಾಡಿ? ಅದು ಬರಲಿ ನಮ್ಮ ಕಡೆ."

ಮಷಿನ್ ಬರುತ್ತಿರಲಿಲ್ಲ. ಮೂರು ಸಲ ಅದನ್ನೇ ಹೇಳಿ ಸುಮ್ಮನಾಗುತ್ತಿತ್ತು. ಕಾಕಾ ಇನ್ನೂ ಸುಮ್ಮನಿರುತ್ತಿದ್ದರು. ಆಮೇಲೆ ಅಪರೂಪಕ್ಕೊಮ್ಮೆ ಹಾಡು ಬಂದು, ಹಾಡು ನಿಂತು, ಯಾರೋ ಮನುಷ್ಯರು ಹಲೋ ಎನ್ನುತ್ತಿದ್ದರು. ಕಾಕಾ ಗೆದ್ದವರ ಹಾಗೆ ನಮ್ಮ ಕಡೆ ನೋಡಿ, ಫೋನಿಗೆ ಎರಡೂ ಕೈ ಹಚ್ಚಿ ಮರಾಠಿಯಲ್ಲಿ ಕೇಳುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ: "ನಮಸ್ಕಾರ ಭಾವು, ಚಹಾ ಝಾಲಾ ಕಾ?" ಚಹಾ ಆಯಿತೇ ಎಂದು. ಆ ಕಡೆಯವರು ಗಲಿಬಿಲಿಗೊಂಡು, ಆಮೇಲೆ ನಿಜವಾಗಿಯೂ ಉತ್ತರ ಕೊಡುತ್ತಿದ್ದರು. ಒಬ್ಬಳಂತೂ ಇಲ್ಲ ಕಾಕಾ, ಇನ್ನೂ ಚಹಾಕ್ಕೆ ಬಿಟ್ಟಿಲ್ಲ ಎಂದು ತನ್ನ ಮೇಲಿನವರ ಬಗ್ಗೆ ದೂರನ್ನು ಇವರಿಗೇ ಹೇಳಿಕೊಂಡಿದ್ದಳು.

ರಾಜಕಾರಣದಲ್ಲಿಯೂ ಅವರದು ಒಂದೇ ಬೇಡಿಕೆ. ಚುನಾವಣೆಗೆ ಓಣಿಗೆ ಬಂದ ಒಬ್ಬ ಉಮೇದುವಾರರು ಕೈಮುಗಿದು, "ಏನ ಬೇಕ ಹೇಳ್ರಿ ಕಾಕಾ," ಎಂದರು. ಹಿಂದೆ ಹತ್ತು ಜನ ಮೊಬೈಲ್ ಎತ್ತಿ ಹಿಡಿದಿದ್ದರು.

"ನಿಮಗ ಮತಾ ಹಾಕಿದ್ರ ಮಷಿನ್ ಪೀಂ ಅಂತೈತಿ. ಹೌದಲ್ರಿ?"

"ಹೌದ್ರಿ."

"ಬಿತ್ತಂತ ನಿಮಗ ಖಾತ್ರಿ ಆಗತೈತಿ. ನಾವು ಕೆಲಸಾ ಹೇಳಿದ್ರ ನಮಗೂ ಒಂದು ಪೀಂ ಬೇಕ್ರಿ. ಬ್ಯಾರೆ ಏನೂ ಬ್ಯಾಡ."

ಜನ ನಕ್ಕರು, ಉಮೇದುವಾರರೂ ನಕ್ಕರು. ಕಾಕಾ ನಗಲಿಲ್ಲ. ಅವರು ತಮಾಷೆ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತಾದದ್ದು ಗೌರಿಯ ಲಗ್ನದ ಮುಂಚಿನ ವಾರದಲ್ಲಿ.

ನಮ್ಮ ಓಣಿಯ ಹೆಣ್ಣುಮಕ್ಕಳ ಗಾದಿ ಮಾಡುವಾಗ ಕಾಕಾ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮದುಮಗಳ ತಾಯಿಯ ಹಳೆಯ ಗಾದಿಯ ಟಾಕಿ ಹೊಲಿಗೆ ಬಿಚ್ಚಿ, ಅದರೊಳಗಿನ ಒಂದು ಹಿಡಿ ಹತ್ತಿ ತೆಗೆದು, ಹೊಸ ಹತ್ತಿಯ ಜೊತೆ ಸೇರಿಸಿ ಪಿಂಜುತ್ತಿದ್ದರು. "ಹೊಸಾ ಮನ್ಯಾಗ ನಿದ್ದಿ ಹತ್ತಬೇಕಲ್ಲವಾ," ಅಷ್ಟೇ ಅವರ ಕಾರಣ. ಗೌರಿ ಚಿಕ್ಕಂದಿನಿಂದ ಹೊಸ ಜಾಗದಲ್ಲಿ ಮಲಗಲಾರದವಳು. ಸೋಲಾಪುರದ ಮನೆಗೆ ಹೋಗುವ ಅವಳಿಗೆ ಬಂಗಾರಕ್ಕಿಂತ ಆ ಹಿಡಿ ಹತ್ತಿಯದೇ ಧ್ಯಾನ. ಅವ್ವನ ಗಾದಿ ಬಿಚ್ಚಿ ಹತ್ತಿ ಕೊಟ್ಟಾಗಿತ್ತು. ಅದು ಮಷಿನ್ನಿನ ಬಾಯಿಗೆ ಅರ್ಧ ಹೋಗಿತ್ತು. ಅಷ್ಟರಲ್ಲಿ ಓಣಿಯ ಡೀಪಿ ಢಂ ಎಂದು ಸುಟ್ಟಿತು. ಡೀಪಿ ಎಂದರೆ ಕಂಬದ ಮೇಲಿನ ಕರೆಂಟಿನ ಪೆಟ್ಟಿಗೆ. ಮಷಿನ್ ನಿಂತಿತು. ಶುಕ್ರವಾರ ಮಧ್ಯಾಹ್ನ.

"ಮುಂದಿನ ಶುಕ್ರವಾರ ಸಾಮಾನು ಸೋಲಾಪುರಕ್ಕ ಹೊಂಡತಾವು," ಎಂದ ಅಪ್ಪ. "ಅವತ್ತ ಮಧ್ಯಾನದೊಳಗ ಗಾದಿ ಆಗ್ಲಿಲ್ಲಂದ್ರ ಜತ್ತಿಗೆ ಹೋಗಿ ಫೋಮಿಂದು ತರತೀನಿ, ಲಾಲಸಾಬ. ಸಿಟ್ಟಾಗಬ್ಯಾಡ."

"ಫೋಮ್ ಗಾದಿ ಪುಢಾರಿ ಇದ್ದಂಗ, ಅಣ್ಣಾರ," ಎಂದರು ಕಾಕಾ. "ಯಾರ ಕುಂತ್ರೂ ತಗ್ಗತೈತಿ. ಎದ್ದ ಕೂಡ್ಲೆ ಮರ್ತು ಮತ್ತ ಉಬ್ಬತೈತಿ. ನಮ್ಮ ಗೌರವ್ವನ್ನ ಅದರ ಮ್ಯಾಲ ಮಲಗಸ್ತೀರೇನು?"

ಹೇಳಿ ಅವರು ಟೋಪಿ ಹಾಕಿಕೊಂಡು, ಕಟ್ಟೆಯ ಮೇಲೆ ಕುಳಿತು, ಕರೆಂಟಿನ ತಕ್ರಾರು ಕೊಡುವ ನಾಲ್ಕಂಕಿಯ ನಂಬರು ಒತ್ತಿದರು. ಆ ದಿನ ಪವಾಡವೇ ನಡೆಯಿತು. ಫೋನಿನೊಳಗಿಂದ ಒಬ್ಬ ಹುಡುಗಿ, ಮರಾಠಿಯಲ್ಲ, ಹಿಂದಿಯಲ್ಲ, ಕನ್ನಡದಲ್ಲಿ ನಮಸ್ಕಾರ ಎಂದಳು. ಕಾಕಾ ಎದ್ದು ನಿಂತರು. ಊರು ಕೇಳಿದಳು, ಹೇಳಿದರು. ನೋಡುತ್ತೇವೆ ಎಂದಳು. ಶನಿವಾರ ಮತ್ತೆ ಮಾಡಿದರು, ಮತ್ತೆ ಕನ್ನಡ. ಭಾನುವಾರ ಕೂಡ. ಡೀಪಿ ಬರಲಿಲ್ಲ. ಕಾಕಾ ಮಾತ್ರ ಹಬ್ಬದ ಮುಖ ಹೊತ್ತು, "ಕಡೀಕೂ ಮಷಿನ್ನ ನಮ್ಮ ಕಡೆ ಬಂತಲ್ಲೋ," ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದರು.

ಸೋಮವಾರ ಅದೇ ಹುಡುಗಿ ತಡೆತಡೆದು ಹೇಳಿದಳು: "ಕಾಕಾ, ನಿಮ್ಮ ಊರು ನಮ್ಮ ಯಾದ್ಯಾಗ ಇಲ್ರೀ. ನೀವು ಮಹಾರಾಷ್ಟ್ರದಾಗ ಅದೀರಿ. ಇದು ಕರ್ನಾಟಕದ ಆಫೀಸ್ರಿ."

"ನಾ ಎಲ್ಲಿ ಹೋಗೇನವಾ? ನಾ ನಮ್ಮ ಕಟ್ಟೀ ಮ್ಯಾಲ ಕುಂತೀನಿ."

"ನಿಮ್ಮ ಫೋನ್ ನಮ್ಮ ಕಡೀ ಟಾವರ್ ಹಿಡದೈತ್ರಿ."

ನಮ್ಮೂರಲ್ಲಿ ಇದು ಹೊಸದಲ್ಲ. ಗಡಿ ಹತ್ತಿರ. ಕಾಕಾನ ಕಟ್ಟೆಯ ಮೇಲೆ ಕರ್ನಾಟಕದ ಟವರು, ಮಸೂತಿಯ ಹಿಂದಿನ ಹುಣಸೀ ಗಿಡದ ಕೆಳಗೆ ಮಹಾರಾಷ್ಟ್ರದ್ದು. ಮೂವತ್ತು ಹೆಜ್ಜೆಗೆ ಸರ್ಕಾರ ಬದಲಾಗುತ್ತದೆ. ಬೇರೆ ನಂಬರುಗಳು ಎಲ್ಲಿಂದ ಒತ್ತಿದರೂ ತಮ್ಮ ಆಫೀಸಿಗೇ ಹೋಗುತ್ತವೆ; ಕರೆಂಟಿನ ಈ ನಾಲ್ಕಂಕಿಯದು ಮಾತ್ರ ಹಿಡಿದ ಟವರಿನ ರಾಜ್ಯಕ್ಕೆ ಹೋಗುತ್ತದೆ. ಎಲ್ಲರಿಗೂ ಗೊತ್ತಿದ್ದ ಇದು ಯಾರಿಗೂ ಹೊಳೆದಿರಲಿಲ್ಲ. ಮೂರು ದಿನ ಹೋಗಿದ್ದವು. ಕಾಕಾನ ಮುಖ ಆಗ ಹೇಗಾಯಿತು ಎಂದು ಬರೆಯಬೇಕು. ಆದರೆ ನಾನು ಆ ಹೊತ್ತಿಗೆ ಜತ್ತಿನ ಬಸ್ಸಿನಲ್ಲಿದ್ದೆ. ಕಂಡಂತೆ ಬರೆದರೆ ಸುಳ್ಳಾಗುತ್ತದೆ.

ಗೌರಿ ಕಂಡಿದ್ದಳು. ಕಾಕಾ ಬೈಯಲಿಲ್ಲವಂತೆ. "ಚಹಾ ಆತೇನವಾ ನಿಂದು?" ಎಂದು ಕೇಳಿದರಂತೆ. ಪಾಪ, ಮೊದಲ ಮೂರು ದಿನ ಕನ್ನಡದ ಖುಷಿಯಲ್ಲಿ ಅದನ್ನೇ ಮರೆತಿದ್ದರು. ಆ ಮಾತಿಗೆ ಹುಡುಗಿ ಫೋನ್ ಇಡಲಿಲ್ಲ. ದನಿ ಸಣ್ಣ ಮಾಡಿ ಗುಟ್ಟೊಂದು ಹೇಳಿಕೊಟ್ಟಳು. ಎಲ್ಲ ಕಡೆ ಹೆಚ್ಚುಕಡಿಮೆ ಹೀಗೇ ಇರುತ್ತದೆ ಕಾಕಾ; ಕೆಲಸ ಆಗುವ ಮೊದಲೇ ಆಯಿತು ಅಂತ ಮೆಸೇಜು ಬರುತ್ತದೆ, ಆಮೇಲೆ ಮಷಿನ್ ಫೋನ್ ಮಾಡಿ, ಆಗಿದ್ದರೆ ಒಂದು ಒತ್ತಿ, ಆಗದಿದ್ದರೆ ಎರಡು ಎನ್ನುತ್ತದೆ. ಬೇಸತ್ತು ಎಲ್ಲರೂ ಒಂದು ಒತ್ತಿಬಿಡುತ್ತಾರೆ. ನೀವು ಒಂದು ಒತ್ತಬೇಡಿ, ಎರಡು ಒತ್ತಿ. ಮೂರು ಸಲ ಎರಡು ಬಿದ್ದರೆ ಅದು ದೊಡ್ಡವರ ಟೇಬಲ್ಲಿಗೆ ಹೋಗಲೇಬೇಕು.

ಕಾಕಾ ಟೋಪಿ ಸರಿಮಾಡಿಕೊಂಡು, ಮೂವತ್ತು ಹೆಜ್ಜೆ ನಡೆದು, ಹುಣಸೀ ಗಿಡದ ಕೆಳಗೆ ನಿಂತರು. ಮೂರು ಭಾಷೆ ಕೇಳಿ ಸುಮ್ಮನಿದ್ದರು. ಮನುಷ್ಯ ಬಂದ. ಚಹಾ ಕೇಳಿದರು, ತಕ್ರಾರು ಬರೆಸಿದರು.

ಮಂಗಳವಾರ ಮೆಸೇಜು ಬಂತು: ನಿಮ್ಮ ತಕ್ರಾರು ನಿವಾರಣೆಯಾಗಿದೆ. ಕಾಕಾ ಅದನ್ನು ಓಣಿಗೆಲ್ಲ ಓದಿ ಹೇಳಿ, "ಕರೆಂಟ ಬಂದೈತಂತ್ರೆಪಾ. ಬಲ್ಬಿಗಿ ಇನ್ನೂ ಸುದ್ದಿ ಮುಟ್ಟಿಲ್ಲ," ಎಂದರು. ಮಷಿನ್ ಫೋನ್ ಮಾಡಿತು. ಎರಡು. ಬುಧವಾರ ಮತ್ತೆ ಮೆಸೇಜು, ಮತ್ತೆ ಫೋನು. ಎರಡು. ಆ ಹೊತ್ತಿಗೆ ಓಣಿಯೇ ಹುಣಸೀ ಗಿಡದ ಕೆಳಗೆ ನೆರೆದಿತ್ತು. ಬೆರಳು ಇಳಿಯುವಾಗ ಎಲ್ಲರೂ ಒಟ್ಟಿಗೆ "ಎರಡಽ!" ಎಂದು ಕೂಗಿದ್ದು ಮಸೂತಿಯ ಆಚೆಗೂ ಕೇಳಿತಂತೆ. ಗುರುವಾರ ಮೂರನೆಯ ಎರಡು. (ದಿನಗಳು ಇಷ್ಟು ಸಾಲಾಗಿ ನಿಂತಿರಲಿಕ್ಕಿಲ್ಲ. ನಡುವೆ ಒಂದು ದಿನ ಏನೂ ಆಗಲಿಲ್ಲ ಎಂದು ಅವ್ವ ಹೇಳುತ್ತಾಳೆ. ಏನೂ ಆಗದ ದಿನವನ್ನು ಎಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ.)

ಗುರುವಾರ ಸಂಜೆ ದೊಡ್ಡ ಸಾಹೇಬರೊಬ್ಬರು ತಾವೇ ಫೋನ್ ಮಾಡಿದರು. ದನಿ ಬಿಸಿಯಾಗಿತ್ತು. ಕಾಕಾ ಚಹಾ ಕೇಳಿದರು. ಆಮೇಲೆ ಮದುಮಗಳು, ತಾಯಿಯ ಹತ್ತಿ, ಅರ್ಧ ಪಿಂಜಿ ನಿಂತದ್ದು, ಫೋಮು, ಸೋಲಾಪುರ ಎಲ್ಲವನ್ನೂ ಮರಾಠಿಯಲ್ಲಿ, ಮಗ್ಗುಲಲ್ಲಿ ಕುಳಿತವರಿಗೆ ಹೇಳುವ ಹಾಗೆ ಹೇಳಿದರು. ಕೊನೆಗೆ ಸಾಹೇಬರು ಹೇಳಿದ್ದು, ತಮ್ಮ ತಾಯಿಯ ಗಾದಿ ಇನ್ನೂ ತಮ್ಮ ಮನೆಯಲ್ಲಿದೆ ಎಂದು.

ಶುಕ್ರವಾರ ಬೆಳಿಗ್ಗೆ ಅಪ್ಪ ಜತ್ತಿಗೆ ಹೋಗಲು ಚಪ್ಪಲಿ ಮೆಟ್ಟಿದ್ದ. ಬೀದಿಯ ತಿರುವಿನಲ್ಲಿ ಟೆಂಪೊ ಕಾಣಿಸಿತು. ಮೇಲೆ ಹಗ್ಗ ಬಿಗಿದ ಡೀಪಿ, ಅದರ ಪಕ್ಕ ಇಬ್ಬರು ಲೈನ್‌ಮನ್‌ಗಳು. ಅಪ್ಪ ಚಪ್ಪಲಿ ಬಿಟ್ಟ. ಹೆಣ್ಣುಮಕ್ಕಳು ಡೀಪಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಲೈನ್‌ಮನ್ ಕಂಬದಿಂದ ಇಳಿದು, "ಝಾಲಂ ಕಾಕಾ," ಆಯಿತು, ಎಂದ.

"ಇನ್ನೂ ಆಗಿಲ್ಲ. ನಿಲ್ರಿ," ಎಂದು ಕಾಕಾ ಒಳಗೆ ಹೋಗಿ ಗುಂಡಿ ಒತ್ತಿದರು. ಮಷಿನ್ ಗುರ್ ಎಂದಿತು. ಅವ್ವನ ಹತ್ತಿ, ಹೊಸ ಹತ್ತಿ ಒಂದಕ್ಕೊಂದು ಸಿಕ್ಕು, ಬಿಟ್ಟು, ಬಾಗಿಲ ತುಂಬ ಹಾರಿ ಬಂತು. ಗೌರಿ ಅದರ ನಡುವೆ ನಿಂತು ಕೂದಲು, ರೆಪ್ಪೆ ಎಲ್ಲ ಬೆಳ್ಳಗಾಗಿ ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಆಗ ಫೋನ್ ಬಂತು. ಆಗಲೇ ಬಂತು ಎಂದು ನಾನು ಹೇಳುತ್ತೇನೆ. ಮರುದಿನ ಬಂತು ಎಂದು ಗೌರಿ. ಎರಡೂ ದಿನಗಳನ್ನು ನನ್ನ ತಲೆ ಒಂದೇ ಗಾದಿಗೆ ಹೊಲಿದಿದ್ದರೆ ಹೊಲಿದಿರಲಿ, ಬಿಚ್ಚುವುದಿಲ್ಲ. ಕಾಕಾ ಫೋನ್ ಹಿಡಿದು ಹುಣಸೀ ಗಿಡದ ಕೆಳಗೆ ಹೋದರು. ಓಣಿ ಹಿಂದೆ ಹೋಯಿತು. ಅಭ್ಯಾಸಕ್ಕೆ ಯಾರೋ "ಎರಡ" ಎನ್ನಲು ಬಾಯಿ ತೆರೆದು ಮುಚ್ಚಿಕೊಂಡರು. ಕಾಕಾ ಬೆರಳನ್ನು ಅಂಗಿಗೆ ಒರೆಸಿಕೊಂಡರು. ಜೀವನದಲ್ಲಿ ಮೊದಲ ಸಲ ಒಂದು ಒತ್ತಿದರು. ಫೋನು ಸಣ್ಣಗೆ ಪೀಂ ಎಂದಿತು.

"ಕೇಳಿದ್ರ್ಯಾ?" ಎಂದು ನಮ್ಮ ಕಡೆ ತಿರುಗಿದರು. "ಬಿತ್ತು!"

ಓಣಿ ಅವರನ್ನು ಎತ್ತಿಕೊಂಡು ಮೂವತ್ತು ಹೆಜ್ಜೆ ಹೊತ್ತು ತಂದಿತು, ಮಹಾರಾಷ್ಟ್ರದಿಂದ ಕರ್ನಾಟಕದವರೆಗೆ. ಟೋಪಿ ಬೀಳದಂತೆ ಒಂದು ಕೈಯಿಂದ ಹಿಡಿದುಕೊಂಡಿದ್ದರು. ಇದನ್ನು ಗೌರಿಯೂ ಒಪ್ಪುತ್ತಾಳೆ, ಅವ್ವನೂ ಒಪ್ಪುತ್ತಾಳೆ. ಗಾದಿ ಮಧ್ಯಾಹ್ನದ ಹೊತ್ತಿಗೆ ಸೋಲಾಪುರದ ಸಾಮಾನಿನ ಟೆಂಪೊ ಏರಿತು. ಸೋಲಾಪುರದಲ್ಲಿ ಮೊದಲ ದಿನ ಹೊತ್ತು ಏರಿದರೂ ಎಚ್ಚರವಾಗದೆ ಅತ್ತೆಯ ಕೈಲಿ ಬೈಸಿಕೊಂಡೆ ಎಂದು ಗೌರಿ ಹೆಮ್ಮೆಯಿಂದ ಫೋನ್ ಮಾಡಿದಳು.

ಕಾಕಾ ಈಗಿಲ್ಲ. ಕೊನೆಯ ಭೇಟಿ ದೊಡ್ಡದಾಗಿರಲಿ ಎಂದು ಎಷ್ಟು ತಡಕಿದರೂ ಸಿಗುವುದು ಇಷ್ಟೇ. ಬಸ್ ನಿಲ್ದಾಣದಲ್ಲಿ, "ಮಾಸ್ತರ, ಚಾರ್ಜರ್ ಐತೇನು?" ಎಂದು ಕೇಳಿದರು. ಇಲ್ಲ ಎಂದೆ. ಬಸ್ ಬಂತು, ನಾನು ಹತ್ತಿದೆ. ಅವರ ಮಷಿನ್ನನ್ನು ಈಗ ಶೇಗಾಂವದಲ್ಲಿ ಅವರ ಮಗಳು ನಡೆಸುತ್ತಾಳೆ. ಬಿಲ್ಲನ್ನು ಅವಳೂ ಗೋಡೆಗೇ ಹಾಕಿದ್ದಾಳೆ.

ಹೋದ ವಾರ ಡೀಪಿ ಮತ್ತೆ ಸುಟ್ಟಿತು. ನಾನು ಫೋನ್ ತೆಗೆಯುವಷ್ಟರಲ್ಲಿ ಅವ್ವ ತನ್ನದನ್ನು ಹಿಡಿದು ಹುಣಸೀ ಗಿಡದ ಕಡೆ ಹೊರಟಿದ್ದಳು. ಓಣಿಯ ಹೆಣ್ಣುಮಕ್ಕಳು ಅವಳ ಹಿಂದೆ. ಗಿಡದ ಕೆಳಗೆ ನಿಂತು ತಲೆಯ ಮೇಲೆ ಸೆರಗು ಹೊದ್ದಳು, ಗಂಟಲು ಸರಿಮಾಡಿಕೊಂಡಳು, ನಂಬರು ಒತ್ತಿದಳು. ಮಷಿನ್ ಮೂರು ಭಾಷೆ ಹೇಳಿತು. ಅವ್ವ ಸುಮ್ಮನಿದ್ದಳು. ಮತ್ತೆ ಹೇಳಿತು. ನಾವೆಲ್ಲ ಸುಮ್ಮನಿದ್ದೆವು. ಹಾಡು ಬಂತು, ಹಾಡು ನಿಂತಿತು. ಯಾರೋ ಒಬ್ಬ ಮನುಷ್ಯ ಹಲೋ ಎಂದ.

ಅವ್ವ ಫೋನಿಗೆ ಎರಡೂ ಕೈ ಹಚ್ಚಿದಳು.

"ನಮಸ್ಕಾರ ಭಾವು," ಎಂದಳು, "ಚಹಾ ಝಾಲಾ ಕಾ?"