ಒಲೀಟಾ ಎದ್ದು ಹೋದದ್ದು

ಒಲೀಟಾ ಟಿಡ್ವೆಲ್ ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ನಮ್ಮೂರ ಕಾಲ್ಚೀಲದ ಮಿಲ್ಲು ಸೇರಿದಳು. ಅಲಬಾಮಾದ ಈ ಗುಡ್ಡದ ಬುಡದಲ್ಲಿ ಆಗ ಹುಡುಗಿಯರಿಗೆ ಇದ್ದದ್ದು ಎರಡೇ ದಾರಿ, ಮದುವೆ ಅಥವಾ ಮಿಲ್ಲು. ಒಲೀಟಾ ಎರಡನ್ನೂ ಒಂದೇ ವರ್ಷದಲ್ಲಿ ಮುಗಿಸಿಕೊಂಡಳು. ಅಲ್ಲಿಂದ ಮೂವತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಹೆಣೆದು ಬಂದ ಕಾಲ್ಚೀಲಕ್ಕೆ ಬೆರಳಿನ ಕಡೆ ತೂತು ಇರುತ್ತದೆ. ಅದರ ಎರಡು ಅಂಚನ್ನೂ ಜೋಡಿಸಿ ಯಂತ್ರದ ಬಾಯಿಗೆ ಕೊಡಬೇಕು, ಹೊಲಿಗೆ ಬೀಳುತ್ತದೆ, ಕಾಲ್ಚೀಲ ಆ ಕಡೆ ಬುಟ್ಟಿಗೆ ಬೀಳುತ್ತದೆ. ಕೇಳಿದರೆ ಮಕ್ಕಳೂ ಮಾಡಬಹುದು ಅನ್ನಿಸುತ್ತದೆ. ಮಾಡಲು ಕೂತವರು ಮೊದಲ ವಾರ ಬಾತ್‌ರೂಮಿನಲ್ಲಿ ಅಳುತ್ತಾರೆ.

ಕೂಲಿ ಡಜನ್ ಲೆಕ್ಕದ್ದು. ಹೀಗಾಗಿ ಅಲ್ಲಿ ಕೇಳುತ್ತಿದ್ದ ಮಾತೂ ಒಂದೇ, ಬೇಗ. ಒಲೀಟಾಳ ಕೈ ಎಷ್ಟು ಬೇಗ ಓಡುತ್ತಿತ್ತೆಂದರೆ ಪಕ್ಕದ ಯಂತ್ರದ ವೈನೆಲ್, ಇಪ್ಪತ್ತೆರಡು ವರ್ಷ ಅವಳ ಮೊಣಕೈ ತಾಗಿಸಿಕೊಂಡೇ ಕೂತವಳು, "ನಿಂಗೆ ಮೂರನೇ ಕೈ ಎಲ್ಲೋ ಇದೆ ಕಣೇ, ತೋರಿಸಲ್ಲ ಅಷ್ಟೆ" ಎನ್ನುತ್ತಿದ್ದಳು.

ಆಮೇಲೆ ಹೊರದೇಶದ ಕಾಲ್ಚೀಲ ಬರತೊಡಗಿತು. ಆರು ಜೊತೆಯ ಕಟ್ಟು ನಮ್ಮ ನೂಲಿನ ಬೆಲೆಗೇ ಅಂಗಡಿಯಲ್ಲಿ ಸಿಗುತ್ತಿತ್ತು. ನಮ್ಮ ಜನವೂ ಅದನ್ನೇ ಕೊಂಡರು, ಸುಳ್ಳು ಯಾಕೆ ಹೇಳಲಿ. ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಒಲೀಟಾಳ ಮಿಲ್ಲಿನ ಸರದಿಯೂ ಹತ್ತಿರ ಬಂತು. ಹೀಗೆ ಕೆಲಸ ಕಳೆದುಕೊಂಡವರಿಗೆ ವಾಷಿಂಗ್ಟನ್ನಿನಿಂದ ಒಂದು ನೆರವು ಇದೆಯೆಂದೂ, ಎರಡು ವರ್ಷ ಭತ್ಯೆ, ಹೊಸ ಕೆಲಸ ಕಲಿಯಲು ಕಾಲೇಜಿನ ಖರ್ಚು, ಆಸ್ಪತ್ರೆಯ ವಿಮೆಗೆ ಸಹಾಯ ಎಲ್ಲ ಸಿಗುತ್ತದೆಂದೂ, ಅದಕ್ಕೆ ಮಿಲ್ಲಿನ ಮೂವರು ಕೆಲಸಗಾರರು ಸಹಿ ಮಾಡಿ ಅರ್ಜಿ ಹಾಕಿದರೆ ಸಾಕೆಂದೂ ಉದ್ಯೋಗ ಕಚೇರಿಯವರು ಹೇಳಿದರು. ನೂರ ಅರವತ್ತು ಜನರಲ್ಲಿ ಸಹಿಗೆ ಮುಂದೆ ಬಂದವರೇ ಕಡಿಮೆ. ಮಾಲೀಕರು ಬೇಜಾರು ಮಾಡಿಕೊಂಡಾರು ಎಂಬ ಭಯ. ಮುಚ್ಚಲು ಹೊರಟ ಮಾಲೀಕನ ಬೇಜಾರಿಗೂ ಹೆದರುವ ಜನ ನಾವು. ಮೊದಲ ಸಹಿ ಒಲೀಟಾಳದು, ಎರಡನೆಯದು ವೈನೆಲ್‌ಳದು, ಮೂರನೆಯದು ಗೋದಾಮು ಗುಡಿಸುವವನದು.

ಆ ಜೂನ್ ತಿಂಗಳಲ್ಲಿ ಮಾಲೀಕರು ಈ ಕೆಲಸವನ್ನೆಲ್ಲ ಸಾಗಿಸಲಿದ್ದ ಹೊಂಡುರಾಸ್ ದೇಶದ ಹೊಸ ಕಾರ್ಖಾನೆಯಿಂದ ಮೂವರು ಬಂದರು. ಒಬ್ಬನ ಕೈಯಲ್ಲಿ ಕ್ಯಾಮೆರಾ, ಜೊತೆಗೆ ನೋಟ್ ಪುಸ್ತಕ ಹಿಡಿದ ಇಬ್ಬರು ಚಿಕ್ಕ ವಯಸ್ಸಿನ ಹೆಂಗಸರು. ಕೆಲಸ ಹೇಗೆ ಮಾಡಬೇಕೆಂದು ಚಿತ್ರ ತೆಗೆದುಕೊಂಡು ಹೋಗಬೇಕಿತ್ತು. ಯಾರದನ್ನು ತೆಗೆಯುವುದು? ಎಲ್ಲರಿಗಿಂತ ಚೆನ್ನಾಗಿ ಮಾಡುವವಳದನ್ನು. ಮೇಸ್ತ್ರಿ ಡೆಲ್ಮರ್ ಅವರನ್ನು ನೇರ ಒಲೀಟಾಳ ಹಿಂದೆ ತಂದು ನಿಲ್ಲಿಸಿದ. ಹತ್ತು ನಿಮಿಷದ ಮೇಲೆ ಬಾಗಿ ಹೇಳಿದ: "ಸ್ವಲ್ಪ ನಿಧಾನಕ್ಕೆ ಮಾಡು ಒಲೀಟಾ. ನಿನ್ನ ಕೈ ಕ್ಯಾಮೆರಾಗೆ ಸಿಗ್ತಿಲ್ವಂತೆ."

ಅವಳು ಪ್ರಯತ್ನಪಟ್ಟಳು. ಕೈಗೆ ನಿಧಾನ ಗೊತ್ತಿರಲಿಲ್ಲ. ಎರಡು ಕಾಲ್ಚೀಲ ಸೊಟ್ಟಗಾದವು. ಮೂವತ್ತೊಂಬತ್ತು ವರ್ಷದಲ್ಲಿ ಅವಳು ಸೊಟ್ಟ ಹೊಲಿದದ್ದನ್ನು ಯಾರೂ ನಿಂತು ನೋಡಿರಲಿಲ್ಲ.

"ಇನ್ನೂ ನಿಧಾನ," ಎಂದ ಡೆಲ್ಮರ್.

ಒಲೀಟಾ ಯಂತ್ರ ನಿಲ್ಲಿಸಿದಳು. ಕುರ್ಚಿಯ ಮೇಲಿನ ತನ್ನ ದಿಂಬು, ನೂಲು ಕತ್ತರಿಸುವ ಪುಟ್ಟ ಕತ್ತರಿ, ಮನೆಯಿಂದ ತಂದಿಟ್ಟುಕೊಂಡಿದ್ದ ಫ್ಯಾನು ಮೂರನ್ನೂ ಎತ್ತಿಕೊಂಡಳು. ನೋಟ್ ಪುಸ್ತಕದ ಹುಡುಗಿ ಗಾಬರಿಯಿಂದ ನೋಡಿದಾಗ "ನಿಂದೇನೂ ತಪ್ಪಿಲ್ಲ, ಮಗಾ" ಎಂದಳು. ಆ ಹುಡುಗಿಗೆ ಭಾಷೆ ತಿಳಿಯಲಿಲ್ಲ. ಒಲೀಟಾ ಎರಡು ಸಾಲು ಯಂತ್ರಗಳ ನಡುವೆ ಬಾಗಿಲ ತನಕ ನಡೆದಳು. ಫ್ಯಾನಿನ ವೈರು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಆ ಕಡೆ ಈ ಕಡೆ ಯಂತ್ರಗಳು ಒಂದೊಂದಾಗಿ ನಿಂತವು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ವೈನೆಲ್ ಹೇಳುವ ಕಥೆಯಲ್ಲಿ ಒಲೀಟಾ ಕುರ್ಚಿ ಒದ್ದಳು, ಬೆರಳು ತೋರಿಸಿ "ನಲವತ್ತು ವರ್ಷ ಬೇಗ ಬೇಗ ಅಂತ ಪ್ರಾಣ ತಿಂದ್ರಿ, ಈಗ ನಿಧಾನ ಬೇಕಾ? ಕೈನೇ ಕಡ್ಕೊಂಡು ಹೋಗಿ" ಎಂದಳು. ಒಲೀಟಾ ಅಂಥದ್ದೇನೂ ಅಂದಿರಲಿಲ್ಲ. ಆದರೆ ತಿದ್ದಲೂ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಗಂಡಸರು ಟೋಪಿ ಮುಟ್ಟಿ ದಾರಿ ಬಿಟ್ಟರು. ಚರ್ಚಿನ ಊಟದಲ್ಲಿ ಕೋಳಿಯ ಒಳ್ಳೆಯ ತುಂಡು ಅವಳ ತಟ್ಟೆಗೆ ಬಂತು. ಅಷ್ಟು ವರ್ಷ ದುಡಿದದ್ದಕ್ಕೆ ಅವಳಿಗೆ ಸಿಕ್ಕ ಮರ್ಯಾದೆ ಅದೊಂದೇ. ಅವಳಿಗೆ ಅದು ಇಷ್ಟವಾಯಿತು. ಯಾಕಾಗಬಾರದು?

ಹನ್ನೊಂದು ದಿನಕ್ಕೆ ಮಿಲ್ಲು ಮುಚ್ಚಿತು. ಮುಂದಿನ ತಿಂಗಳು ಅರ್ಜಿಯೂ ಮಂಜೂರಾಯಿತು. ಉದ್ಯೋಗ ಕಚೇರಿಯಲ್ಲಿ ಸಾಲು ನಿಂತರು. ವೈನೆಲ್‌ಗೆ ಸಿಕ್ಕಿತು, ಗೋದಾಮು ಗುಡಿಸುವವನಿಗೆ ಸಿಕ್ಕಿತು, ಸಹಿ ಹಾಕಲು ಹೆದರಿದ್ದ ಎಲ್ಲರಿಗೂ ಸಿಕ್ಕಿತು. ಒಲೀಟಾಳ ಸರದಿ ಬಂದಾಗ ಕಿಟಕಿಯ ಹೆಂಗಸು ಕಂಪ್ಯೂಟರನ್ನು ಎರಡೆರಡು ಸಲ ನೋಡಿದಳು. ನಮ್ಮ ಕಡೆ ಹಿರಿಯ ಹೆಂಗಸರನ್ನು, ಮದುವೆಯಾಗಿದ್ದರೂ, ಮರ್ಯಾದೆಗೆ ಮಿಸ್ ಅನ್ನುತ್ತಾರೆ.

"ಮಿಸ್ ಒಲೀಟಾ, ನೀವು ಸ್ವಂತ ಇಷ್ಟದಿಂದ ಕೆಲಸ ಬಿಟ್ರಿ ಅಂತ ನಿಮ್ಮ ಕಂಪನಿಯವರು ಬರೆದಿದ್ದಾರೆ."

"ಮಿಲ್ಲೇ ಮುಚ್ಚಿತಲ್ಲ."

"ಮುಚ್ಚೋಕೆ ಮುಂಚೆ ನೀವು ಹೋದ್ರಂತೆ. ಕೆಲಸ ಇಲ್ಲ ಅಂತ ಅವರು ಕಳಿಸಿದ್ರೆ ಮಾತ್ರ ಈ ನೆರವು. ತಾನಾಗಿ ಬಿಟ್ಟವರಿಗೆ ಇಲ್ಲ."

"ಅರ್ಜಿ ಹಾಕಿದ್ದೇ ನಾನು."

"ಗೊತ್ತು ಮ್ಯಾಮ್. ನಿಮ್ಮ ಸಹಿ ಇಲ್ಲೇ ಇದೆ," ಎಂದಳು ಆ ಹೆಂಗಸು. ಅವಳಿಗೂ ಕೆಟ್ಟದೆನಿಸಿತ್ತು. ಮೇಲ್ಮನವಿ ಹಾಕಿ, ಫೋನಿನಲ್ಲೇ ವಿಚಾರಣೆ ಮಾಡುತ್ತಾರೆ ಎಂದು ಒಂದು ಕಾಗದ ಕೊಟ್ಟಳು. ಒಲೀಟಾ ತುಂಬಿ ಕೊಟ್ಟಳು.

ಒಲೀಟಾಗೆ ಆ ನೆರವು ಎರಡು ಕಾರಣಕ್ಕೆ ಬೇಕಿತ್ತು. ಅವಳ ಗಂಡ ಬರ್ಲ್‌ಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಇನ್ಸುಲಿನ್ ಚುಚ್ಚುಮದ್ದು. ವಿಮೆ ಮಿಲ್ಲಿನ ಜೊತೆಗೇ ಹೋಯಿತು. ಎರಡನೆಯ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪಕ್ಕದ ಊರಿನ ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ ಕಲಿಸುತ್ತಿದ್ದರು. ಮೊದಲು ಬಿಟ್ಟ ಶಾಲೆಯ ಪರೀಕ್ಷೆ ಮುಗಿಸಬೇಕು, ಆಮೇಲೆ ಅದು. ಐವತ್ತೈದು ವರ್ಷಕ್ಕೆ ಬಿಳಿ ಕೋಟು ಹಾಕುವ ಆಸೆ ಎಂದರೆ ಜನ ನಗುತ್ತಾರೆಂದು ಸುಮ್ಮನಿದ್ದಳು. ಆದರೆ ಆಸೆ ಇತ್ತು, ಬಹಳ ಇತ್ತು.

ವಿಚಾರಣೆಗೆ ನಾಲ್ಕು ದಿನವಿರುವಾಗ ಡೆಲ್ಮರ್ ಮನೆಗೆ ಬಂದ. ಕೈಯಲ್ಲಿ ಟೊಮೆಟೊ ತುಂಬಿದ ಚೀಲ. ಜಗಲಿಯಲ್ಲಿ ಕುರ್ಚಿ ಖಾಲಿಯಿದ್ದರೂ ಮೆಟ್ಟಿಲ ಮೇಲೆ ಕೂತ. ಇಬ್ಬರೂ ಒಂದೇ ಶಾಲೆಗೆ ಹೋದವರು.

"ಬರ್ಲ್ ಮಲಗಿದ್ದಾನಾ?"

"ಟಿವಿ ನೋಡ್ತಿದ್ದಾನೆ. ಅಂದ್ರೆ ಮಲಗಿದ್ದಾನೆ."

"ನಂಗೂ ಕಾಗದ ಬಂತು. ಫೋನಲ್ಲಿ ಸಾಕ್ಷಿ ಹೇಳ್ಬೇಕಂತೆ."

"ಹೇಳು. ಕಂಡಿದ್ದು ಹೇಳು."

ಡೆಲ್ಮರ್ ಚೀಲದಿಂದ ಒಂದು ಟೊಮೆಟೊ ತೆಗೆದು ಅಂಗಿಗೆ ಒರೆಸಿದ, ಮತ್ತೆ ಒಳಗಿಟ್ಟ. "ಅವತ್ತು ನೂಲು ಕಡಿಮೆ ಇತ್ತು. ನಿಂಗೆ ಕೆಲಸ ಇರ್ಲಿಲ್ಲ. ಮನೆಗೆ ಹೋಗು, ಕರೆದಾಗ ಬಾ ಅಂದೆ. ಆಮೇಲೆ ಕರೆಯೋಕೆ ಮಿಲ್ಲೇ ಇರ್ಲಿಲ್ಲ. ಹೀಗೆ ಹೇಳ್ತೀನಿ."

"ನೀನು ಹಾಗನ್ಲಿಲ್ಲ."

"ಅಂದಿದ್ರೆ ಚೆನ್ನಾಗಿತ್ತು."

"ಚರ್ಚಲ್ಲಿ ಡೀಕನ್ ನೀನು, ಎಲ್ಲರಿಗೂ ಹಿರಿಯ. ಕೈ ಎತ್ತಿ ಪ್ರಮಾಣ ಮಾಡಿಸ್ತಾರೆ."

"ಫೋನಲ್ಲಿ ಕೈ ಎತ್ತಿದ್ರೆ ಯಾರಿಗೆ ಕಾಣುತ್ತೆ," ಎಂದು ನಗಲು ನೋಡಿದ. ನಗು ಬರಲಿಲ್ಲ. "ದೇವರ ಹತ್ರ ನಾನು ಮಾತಾಡ್ಕೋತೀನಿ ಬಿಡು. ನಿಧಾನ ಅಂತ ಹೇಳಿದ್ದು ನಾನೇ ತಾನೆ."

"ನಾನು ಎದ್ದು ಹೋದೆ, ಡೆಲ್ಮರ್. ಎಲ್ಲರೂ ನೋಡಿದ್ರು."

"ನಾನೂ ನೋಡ್ದೆ. ಹಿಂದೇನೇ ಬರ್ಬೇಕು ಅನ್ನಿಸ್ತು, ಕಾಲು ಬರ್ಲಿಲ್ಲ." ಅವನು ಎದ್ದ. "ನಾನೊಬ್ನೇ ಹೇಳಿದ್ರೆ ನಡೆಯಲ್ಲ. ಅವರು ನಿನ್ನ ಕೇಳ್ತಾರೆ. ನೀನು ಹೌದು ಅನ್ಬೇಕು."

ಅವನು ಹೋದ ಮೇಲೆ ಒಲೀಟಾ ಟೊಮೆಟೊ ಒಳಗಿಡಲು ಹೋದಳು. ಫ್ರಿಜ್ಜಿನ ಬಾಗಿಲಲ್ಲಿ ಬರ್ಲ್‌ನ ಇನ್ಸುಲಿನ್ ಬಾಟಲಿ ಕಾಣಿಸಿತು. ಅದು ಹೋದ ವಾರವೇ ಮುಗಿಯಬೇಕಿತ್ತು. ಇನ್ನೂ ಕಾಲು ಭಾಗ ಉಳಿದಿತ್ತು. ಮನುಷ್ಯ ಬಾಯಿ ಬಿಡದೆ ಅರ್ಧರ್ಧ ಚುಚ್ಚಿಕೊಳ್ಳುತ್ತಿದ್ದ. ಅವಳು ಬಾಗಿಲು ತೆರೆದುಕೊಂಡೇ ಬಹಳ ಹೊತ್ತು ನಿಂತಳು. ಬರ್ಲ್ ಟಿವಿ ಮುಂದೆ ಕೂತಲ್ಲಿಂದಲೇ "ತಂಪೆಲ್ಲ ಹೊರಗೆ ಹೋಗುತ್ತೆ ನೋಡು" ಎಂದ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಡೆಲ್ಮರ್ ಮೇಲೆ ಬಂತು, ಆ ದಿಂಬು ಎತ್ತಿಕೊಂಡ ತನ್ನ ಮೇಲೂ ಬಂತು. ಆಮೇಲೆ ಸಿಟ್ಟಿಗೂ ತ್ರಾಣವಿಲ್ಲದೆ ಕೂತುಬಿಟ್ಟಳು.

ವಿಚಾರಣೆಯ ದಿನ ಬೆಳಿಗ್ಗೆ ವೈನೆಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಳು, ಫೋನಿನಲ್ಲಿ ಕಾಣುತ್ತದೆ ಎಂಬಂತೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರೆ ಕಲ್ಲೂ ಕರಗುತ್ತದೆಂದು ಅವಳ ನಂಬಿಕೆ. ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಇಬ್ಬರೂ ಎದುರುಬದುರು ಕೂತರು. ಒಂಬತ್ತಕ್ಕೆ ರಾಜ್ಯದ ರಾಜಧಾನಿ ಮಾಂಟ್ಗೊಮರಿಯಿಂದ ವಿಚಾರಣೆ ಮಾಡುವ ಹೆಂಗಸಿನ ದನಿ ಬಂತು, ಆ ಬೆಳಗ್ಗೆಯೇ ಇಂಥ ಎಷ್ಟೋ ಮುಗಿಸಿದಂತಿದ್ದ ದನಿ. ಪ್ರಮಾಣ ಮಾಡಿಸಿದಳು. ಒಲೀಟಾ ಯಾರೂ ಕಾಣದ ಅಡುಗೆಮನೆಯಲ್ಲಿ ಕೈ ಎತ್ತಿದಳು.

ಡೆಲ್ಮರ್ ತನ್ನ ಮನೆಯಿಂದ ಮಾತಾಡಿದ. ನೂಲು, ಕೆಲಸವಿಲ್ಲದ್ದು, ಮನೆಗೆ ಹೋಗು ಅಂದದ್ದು ಎಲ್ಲವನ್ನೂ ಒಂದೂ ತಪ್ಪದೆ ಹೇಳಿದ. ವೈನೆಲ್ ಕಣ್ಣರಳಿಸಿ ಬಾಯಿ ತೆರೆದಳು. ಒಲೀಟಾ ತುಟಿಯ ಮೇಲೆ ಬೆರಳಿಟ್ಟಳು.

"ಮಿಸೆಸ್ ಟಿಡ್ವೆಲ್, ನೀವೇ ಎದ್ದು ಹೋದಿರಿ ಅಂತ ಕಂಪನಿಯ ಕಾಗದದಲ್ಲಿದೆ. ಇವರು ಬೇರೆ ಹೇಳ್ತಿದ್ದಾರೆ. ಯಾವುದು ಸರಿ?"

ಫೋನಿನಲ್ಲಿ ಡೆಲ್ಮರ್‌ನ ಉಸಿರು ಕೇಳುತ್ತಿತ್ತು. ಒಲೀಟಾ ವೈನೆಲ್‌ಳ ಮುಖ ಬಿಟ್ಟು ಮೇಜು ನೋಡಿದಳು.

"ಅವರು ಹೇಳಿದ್ದೇ ಸರಿ, ಮ್ಯಾಮ್."

"ನೀವಾಗಿ ಹೋಗ್ಲಿಲ್ಲ?"

"ಇಲ್ಲ ಮ್ಯಾಮ್."

"ಯಾರ ಜೊತೆನಾದ್ರೂ ಜಗಳ, ಮಾತು?"

"ಏನೂ ಇಲ್ಲ. ಹೋಗು ಅಂದ್ರು, ಹೋದೆ."

ಹನ್ನೆರಡು ನಿಮಿಷಕ್ಕೆ ಎಲ್ಲ ಮುಗಿಯಿತು. ಅವಳು ಅಳಲಿಲ್ಲ. ದಿನವಿಡೀ ಭಾರ ಹೊತ್ತವಳ ಹಾಗೆ ತೋಳು ನೋಯುತ್ತಿತ್ತು, ಅಷ್ಟೆ. "ನಾನು ಊರ ತುಂಬಾ ಹೇಳ್ಕೊಂಡು ಬಂದಿದೀನಲ್ಲೇ," ಎಂದಳು ವೈನೆಲ್. "ಯಾರಾದ್ರೂ ಕಚೇರಿಗೆ ಮುಟ್ಟಿಸಿದ್ರೆ?"

ಮೂರು ವಾರಕ್ಕೆ ಕಾಗದ ಬಂತು. ನೆರವು ಮಂಜೂರಾಗಿತ್ತು.

ಅಷ್ಟರಲ್ಲಿ ವೈನೆಲ್ ತನ್ನ ಕಥೆಯನ್ನು ತಾನೇ ಅಳಿಸುವ ಕೆಲಸ ಶುರುಮಾಡಿದ್ದಳು. ಕಥೆ ಹರಡುವುದಕ್ಕೆ ಅವಳಿಗೆ ಒಂದು ಸಂಜೆ ಸಾಕಾಗಿತ್ತು, ವಾಪಸು ಗುಡಿಸಲು ಎರಡು ತಿಂಗಳು ಹಿಡಿಯಿತು. ಚರ್ಚಿನಲ್ಲಿ, ಅಂಗಡಿಯಲ್ಲಿ, ಕ್ಷೌರದಂಗಡಿಯ ಗಂಡಸರ ಹತ್ತಿರ ಕೂಡ ಹೋಗಿ ಹೇಳಿದಳು, ಹಾಗೆಲ್ಲ ಆಗಲಿಲ್ಲ, ಮಿಸ್ ಒಲೀಟಾಳನ್ನು ಡೆಲ್ಮರ್ ಮನೆಗೆ ಕಳಿಸಿದ್ದು ಎಂದು. ಜನಕ್ಕೆ ಅರ್ಥವಾಯಿತು. ಕೆಟ್ಟ ಜನವಲ್ಲ ನಮ್ಮೂರವರು. ಒಲೀಟಾಳ ಮೇಲಿನ ಪ್ರೀತಿಗೇ ಎಲ್ಲರೂ ಬಾಯಿ ಮುಚ್ಚಿಕೊಂಡರು. ಪೆಟ್ರೋಲ್ ಬಂಕಿನಲ್ಲಿ ಯಾರೂ ಟೋಪಿ ಮುಟ್ಟಲಿಲ್ಲ, ಮುಟ್ಟಿದರೆ ಯಾಕೆಂದು ಹೇಳಬೇಕಾಗುತ್ತದೆ. ಡೆಲ್ಮರ್ ಡೀಕನ್ ಕೆಲಸ ಬಿಟ್ಟ. ಕೇಳಿದವರಿಗೆ ಮಂಡಿ ನೋವು ಎಂದ.

ಬರ್ಲ್ ಪೂರ್ತಿ ಔಷಧಿ ತೆಗೆದುಕೊಳ್ಳತೊಡಗಿದ. ಒಲೀಟಾ ಮತ್ತು ವೈನೆಲ್ ಒಂದೇ ಕಾರಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದರು. ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತು ಭಿನ್ನರಾಶಿ ಕಲಿತರು. ಫೆಬ್ರವರಿಯಲ್ಲಿ ಒಲೀಟಾ ಆ ಶಾಲೆಯ ಪರೀಕ್ಷೆಯಲ್ಲಿ ಒಮ್ಮೆ ಫೇಲಾದಳು. ಮೂರು ಅಂಕಕ್ಕೆ. ಇಬ್ಬರೂ ಕಾರಿನಲ್ಲಿ ವಾಪಸು ಬರುತ್ತಿದ್ದರು. ಮುಚ್ಚಿದ ಮಿಲ್ಲಿನ ಮುಂದೆ ಹಾದಾಗ ಅವಳು ಕೇಳಿದಳು:

"ವೈನೆಲ್, ಒಂದ್ಸಲ ಹೇಳೇ. ಅವತ್ತು ನಾನು ಹೇಗೆ ಎದ್ದು ಹೋದೆ ಅಂತ."

ವೈನೆಲ್ ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದಳು. ಯೋಚಿಸಲೂ ಇಲ್ಲ, ಆ ಎರಡು ತಿಂಗಳು ಊರಿಗೆಲ್ಲ ಹೇಳಿ ಬಾಯಿಗೆ ಕೂತದ್ದೇ ಬಂತು.

"ನೀನೆಲ್ಲಿ ಎದ್ದು ಹೋದೆ? ನಿನ್ನ ಡೆಲ್ಮರ್ ಕಳಿಸಿದ್ದಲ್ವಾ?"

"ಹೌದು," ಎಂದಳು ಒಲೀಟಾ. "ಕಳಿಸಿದ."