ಹೆರಿಗೆಯ ತಾರೀಖು ಕೇಳಿದವರಿಗೆ ಸ್ಟೂಲಕ್ಕನ ಉತ್ತರ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಶರ್ಟ್ ಕಾರ್ಖಾನೆಯ ಮೆಟ್ಟಿಲ ಮೇಲೆ ಕಬ್ಬಿಣದ ಸ್ಟೂಲೊಂದು ಧಡಧಡ ಸದ್ದು ಮಾಡುತ್ತ ಏರುತ್ತಿದೆ. ಆ ಸದ್ದಿಗೆ ಸತ್ತವರೂ ಎದ್ದು ಬಂದು ಹಾಜರಿ ಹಾಕಿಯಾರು. ಹೊತ್ತವರು ಇಲ್ಲಿನ ಪ್ರಥಮ ಚಿಕಿತ್ಸೆ ಕೋಣೆಯ ನರ್ಸು. ಐದಡಿಯೂ ಇಲ್ಲದ ಆಳು. ಕೋಪ ಮಾತ್ರ ನೀರಿನ ಟ್ಯಾಂಕಿನಷ್ಟು ಎತ್ತರ. ಕಾರ್ಖಾನೆಗೆಲ್ಲ ಇವರು ಸ್ಟೂಲಕ್ಕ.

ಸ್ಟೂಲು ಹೋಗಿ ಕೂರುವುದು ಪ್ಯಾಕಿಂಗ್ ಮೇಜಿನ ಬಳಿ. ಶರ್ಟು ಮಡಚಿ ಡಬ್ಬ ತುಂಬುವ ಹೆಂಗಸರು ಅಲ್ಲಿ ದಿನವಿಡೀ ನಿಂತೇ ಇರಬೇಕು. ಕೂತರೆ ಕೈ ನಿಧಾನವಾಗುತ್ತದೆ ಎಂಬುದು ಸೂಪರ್‌ವೈಸರ್ ಸಾಹೇಬರ ಮಹಾ ಸಂಶೋಧನೆ. ಅದನ್ನು ಅವರು ಕಂಡುಹಿಡಿದದ್ದು ತಿರುಗುವ ಕುರ್ಚಿಯಲ್ಲಿ ಕೂತು. ಸಂಜೆ ಸ್ಟೂಲನ್ನು ಅಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಾಯ. ಅದಕ್ಕೇ ದಿನವೂ ಈ ಮೆರವಣಿಗೆ.

ಆ ಹೆಂಗಸರಲ್ಲೊಬ್ಬಳು ಆರು ತಿಂಗಳ ಬಸುರಿ. ಮೊದಲ ಮಗು ಏಳನೇ ತಿಂಗಳಿಗೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಜೀವ ಹಿಡಿದುಕೊಂಡು ಬದುಕಿತು. ಅದಿನ್ನೂ ಅಂಬೆಗಾಲಿಡುವಾಗಲೇ ಈ ಬಸುರು ನಿಂತಿದೆ. ಮೈಯಲ್ಲಿ ರಕ್ತವಿಲ್ಲ, ಕಾಲಿಗೆ ಬಿಡುವಿಲ್ಲ.

"ಒಂದು ಸಲ ಬೇಗ ಹೆತ್ತೋಳಿಗೆ ಇನ್ನೊಂದು ಸಲವೂ ಹಾಗಾಗೋ ಭಯ ಜಾಸ್ತಿ," ಎನ್ನುತ್ತಾರೆ ಸ್ಟೂಲಕ್ಕ. "ಇವಳ ಅತ್ತೆ ಏನಂತಾಳೆ ಗೊತ್ತಾ? ಇವಳು ದಡಬಡ ಓಡಾಡಿದ್ದಕ್ಕೇ ಮಗು ಬೇಗ ಬಂತಂತೆ! ಎಲ್ಲಾ ಇವಳದೇ ತಪ್ಪು. ನಿಲ್ಲಿಸಿದೋರದು ಏನೂ ಇಲ್ಲ!"

ಕಳೆದ ವಾರ ಹಾಡಹಗಲೇ ಸ್ಟೂಲು ಗೋದಾಮು ಸೇರಿತು. ಸೂಪರ್‌ವೈಸರ್ ಹಲ್ಲುಕಿರಿದು ಅಂದರು: "ದಿನ ತುಂಬೋಕೆ ಮುಂಚೆ ಹೆರಿಗೆ ಆಗೇ ಆಗತ್ತೆ ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡು ಬನ್ನಿ ಸಿಸ್ಟರ್. ತಾರೀಖೂ ಇರ್ಲಿ. ಆಮೇಲೆ ನೋಡೋಣ."

ಆಸ್ಪತ್ರೆಯ ಡಾಕ್ಟರಮ್ಮ ತಲೆ ಚಚ್ಚಿಕೊಂಡರಂತೆ. "ಅಪಾಯ ಇದೆ, ಕೂತು ಕೆಲಸ ಮಾಡ್ಲಿ ಅಂತ ಹತ್ತು ಸಲ ಬರೀತೀನಿ. ಆಗೇ ಆಗತ್ತೆ ಅಂತ ಹೇಗ್ರೀ ಬರೀಲಿ? ಸ್ಕ್ಯಾನಲ್ಲಿ ಗರ್ಭಕಂಠ ಅಳೆದ್ರೆ ಒಂದಿಷ್ಟು ಸುಳಿವು ಸಿಗತ್ತೆ, ಅಷ್ಟೇ. ಅಪಾಯ ಇದ್ದೋರು ಎಷ್ಟೋ ಜನ ದಿನ ತುಂಬಿ ಹೆರ್ತಾರೆ. ಏನೂ ಇಲ್ದೋರು ಬೆಳಗ್ಗೆ ನಗ್ತಾ ಬಂದು ಸಂಜೆಗೆ ಹೆತ್ತಿರ್ತಾರೆ."

ಅದು ಸ್ಟೂಲಕ್ಕನಿಗೆ ಹೊಸದಲ್ಲ. "ಹೊಲಿಗೆ ವಿಭಾಗದಲ್ಲಿ ಒಬ್ಬಳಿದ್ಲು, ಗುಂಡುಕಲ್ಲಿನ ಹಾಗೆ ಗಟ್ಟಿ. ಕೂತೇ ಕೆಲಸ. ಇವಳಿಗೇನಾಗತ್ತೆ ಅಂತ ನಾವೆಲ್ಲಾ ಅಂದ್ಕೊಂಡಿದ್ವಿ. ಏಳು ತುಂಬೋ ಮೊದಲೇ ಹೆತ್ಲು. ಮಗು ಉಳೀಲಿಲ್ಲ."

ಡಾಕ್ಟರಮ್ಮನ ಮಾತು ಕೇಳಿದ್ದೇ ಸೂಪರ್‌ವೈಸರ್ ಗೆದ್ದ ಹುಂಜದಂತೆ ಕತ್ತೆತ್ತಿದರು. "ನೋಡಿದ್ರಾ? ಡಾಕ್ಟ್ರಿಗೇ ಗೊತ್ತಿಲ್ಲ!"

ಆಗ ಸ್ಟೂಲಕ್ಕ ಹಾಕಿದ ಕೂಗಿಗೆ ಮೂರು ಬೀದಿಯಾಚೆಯ ನಾಯಿಗಳು ಬಾಲ ಮುದುರಿದವು, ನೂರಾರು ಹೊಲಿಗೆ ಯಂತ್ರಗಳು ತಾವಾಗಿಯೇ ಬಾಯಿ ಮುಚ್ಚಿದವು. "ಈ ಗೋಡೆಗೆ ಮರಳಿನ ಬಕೆಟ್ ತೂಗುಹಾಕಿದೀರಲ್ಲ ಸಾರ್, ಬೆಂಕಿ ಯಾವ ತಾರೀಖಿಗೆ ಬೀಳತ್ತೆ ಅಂತ ಯಾರ ಹತ್ರ ಬರೆಸ್ಕೊಂಡು ಬಂದ್ರಿ? ಯಾವಾಗ ಅಂತ ಗೊತ್ತಿಲ್ಲ, ಅದಕ್ಕೆ ಬಟ್ಟೆಗೆ ಬಕೆಟ್ಟು. ಯಾವಾಗ ಅಂತ ಗೊತ್ತಿಲ್ಲ, ಅದಕ್ಕೆ ಬಸುರಿ ನಿಂತೇ ಇರ್ಬೇಕಾ?"

ಮಧ್ಯಾಹ್ನದೊಳಗೆ ಸ್ಟೂಲು ಹಿಂದಿರುಗಿತು. ಈಗ ಆ ಬಸುರಿ ಕೂತೇ ಶರ್ಟು ಮಡಚುತ್ತಿದ್ದಾಳೆ. ಕೈ ಒಂದಿಷ್ಟೂ ನಿಧಾನವಾಗಿಲ್ಲ.

"ಅಕ್ಕಾ, ಇದಾದ್ರೂ ದಿನ ತುಂಬತ್ತಾ?"

"ಗೊತ್ತಿಲ್ಲ ಕಣೇ. ಸುಳ್ಳು ಹೇಳಲ್ಲ. ಹೊಟ್ಟೆ ಬಿಗಿಹಿಡಿದ್ರೆ, ಬೆನ್ನು ಸೆಳೆದ್ರೆ, ನೀರು ಹೋದ್ರೆ ಕೂಗು. ಯಾರ ಅಪ್ಪಣೆನೂ ಕೇಳ್ಬೇಡ."

ನಿಮಗೇನು ಆಸೆ ಎಂದು ಕೇಳಿದರೆ ಸ್ಟೂಲಕ್ಕ ಸೂಪರ್‌ವೈಸರ್ ಕೋಣೆಯತ್ತ ಕಣ್ಣು ಕೆಂಪಗೆ ಮಾಡುತ್ತಾರೆ. "ಇವಳು ದಿನ ತುಂಬಿ ಹೆತ್ತರೆ ಆ ಮಹಾರಾಯ ಬಂದು, 'ನೋಡಿ, ಏನೂ ಆಗ್ಲಿಲ್ಲ, ಸುಮ್ನೆ ಕೂಗಾಡಿದ್ರಿ' ಅಂತಾನೆ. ಅನ್ಲಿ. ಆ ಮಾತು ಅವನ ಬಾಯಿಂದ್ಲೇ ಕೇಳ್ಬೇಕು ನಾನು."