ಭಾನುವಾರದ ಬಿಸಿನೀರು

ಮೊನ್ನೆ ಭಾನುವಾರ ಅಜ್ಜಿ ನನ್ನ ತಲೆಗೆ ಹರಳೆಣ್ಣೆ ಸುರಿದಳು. ನೆತ್ತಿಯಿಂದ ಇಳಿದದ್ದರಲ್ಲಿ ಕೊಣನೂರಿನ ಸಂತೆಗೆಲ್ಲ ಬೋಂಡ ಕರಿಯಬಹುದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಟೈಲರ್ ಅಕ್ಕ ನೆನಪಾದಳು...

ನಾನಾಗ ಎಂಟನೇ ಕ್ಲಾಸು. ಅವಳು ಹೊಲಿದುಕೊಟ್ಟ ಯೂನಿಫಾರ್ಮ್ ಪ್ಯಾಂಟು ಹಾಕಿಕೊಂಡು ಅವಳ ಮುಂದೆಯೇ ಮೆರವಣಿಗೆ ಹೋದೆ. "ಏನಕ್ಕಾ ಇದು, ಒಂದ್ ಕಾಲು ಹಾಸನಕ್ಕೆ ಒಂಟದೆ, ಇನ್ನೊಂದು ಅರಕಲಗೂಡಿಗೆ ಒಂಟದೆ!"

ಅಕ್ಕ ನಕ್ಕಳು. "ಬೆರಳು ಜೋಮು ಹಿಡ್ಕತದೆ ಕಣ್ಲಾ. ಸೂಜಿ ಚುಚ್ಚುದ್ರೂ ಗೊತ್ತಾಗಕಿಲ್ಲ."

ಅಜ್ಜಿ ಅಲ್ಲೇ ತೀರ್ಪು ಕೊಟ್ಟಳು. "ವಾಯು ಕಣವ್ವಾ. ಎಣ್ಣೆ ತಿಕ್ಕಿ ಸುಡುಸುಡೋ ನೀರು ಉಯ್ಕಂಡ್ರೆ ಒಂಟೋಯ್ತದೆ."

ಅಲ್ಲಿಂದ ಪ್ರತಿ ಭಾನುವಾರ ನಮ್ಮ ಬಚ್ಚಲಲ್ಲೇ ಅವಳಿಗೆ ಅಭಿಷೇಕ. ಕೋಳಿ ಪುಕ್ಕ ಕೀಳುವುದಕ್ಕೂ ಅಷ್ಟು ಬಿಸಿ ಬೇಕಿರಲಿಲ್ಲ. ಈಚೆ ಬಂದ ಅಕ್ಕ ಗೋಡೆ ಹಿಡಿಯುತ್ತಿದ್ದಳು, ಕಣ್ಣು ಮಂಜು ಅನ್ನುತ್ತಿದ್ದಳು, ಕುಸಿಯುತ್ತಿದ್ದಳು. ಫ್ಯಾನಿನ ಕೆಳಗೆ ಕೂತು ಮೈ ಆರಿದ ಮೇಲೆ ಎದ್ದು ನಡೆಯುತ್ತಿದ್ದಳು.

"ಈಗ್ ಬಿದ್ಲು, ಈಗ್ ಎದ್ಲು. ಕೆಲ್ಸಗಳ್ಳಿ, ಎಲ್ಲಾ ನಾಟ್ಕ," ಅಂದ ಅವಳ ಗಂಡ. ಬೀದಿಯೂ ಅದನ್ನೇ ಅಂದಿತು.

ನನಗಂತೂ ಹಬ್ಬ. ಬಸ್‌ಸ್ಟ್ಯಾಂಡಿನಲ್ಲಿ ತಲೆಗೆ ಟವೆಲ್ ಸುತ್ತಿ, ಕಂಬ ಹಿಡಿದು, ದೊಪ್ಪನೆ ಬಿದ್ದು ತೋರಿಸುತ್ತಿದ್ದೆ. ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನೇ ಮರೆತು ನಗುತ್ತಿದ್ದ. ಒಂದು ದಿನ ಬಿದ್ದಲ್ಲಿಂದ ತಲೆ ಎತ್ತಿದರೆ ಎದುರಿಗೆ ಅಕ್ಕ, ಕೈಯಲ್ಲಿ ಬಟ್ಟೆ ಗಂಟು.

"ಚೆನ್ನಾಗ್ ಮಾಡ್ತೀಯ ಕಣ್ಲಾ," ಅಂದಳು. "ಆದ್ರೆ ನಾನು ಬೀಳೋದು ಎಡಕ್ಕೆ."

ಅದಕ್ಕೂ ಎಲ್ಲರೂ ನಕ್ಕರು. ನಾನೂ...

ಹೊಲಿಯಲು ಬಟ್ಟೆ ತರುವವರು ಇಲ್ಲವಾದರು. ಗಂಡ ಅವಳನ್ನು ಚನ್ನರಾಯಪಟ್ಟಣದ ತವರಿಗೆ ಬಿಟ್ಟು ಬಂದ. ಎರಡು ವರ್ಷದ ಮೇಲೆ ಹೊಲಿಗೆ ಮೆಷಿನ್ ಒಯ್ಯಲು ಬಂದ ಅವಳ ಅಣ್ಣ ಹೇಳಿದ: ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದರಂತೆ, ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ಮೈಯೇ ಹಾಳುಮಾಡಿಕೊಳ್ಳುವ ಕಾಯಿಲೆ. ಬಿಸಿ ತಗುಲಿದರೆ ಕಾಲು, ಕಣ್ಣು ಕೈಕೊಡುತ್ತವೆ, ತಣಿದರೆ ಮರಳುತ್ತವೆ. ಬೇಗ ಬಂದಿದ್ದರೆ ಔಷಧಿಯಿಂದ ಅದರ ವೇಗ ತಗ್ಗಿಸಬಹುದಿತ್ತಂತೆ. ಈಗ ಗೋಡೆ ಹಿಡಿದರೂ ಅವಳಿಗೆ ಏಳಲಾಗುವುದಿಲ್ಲ.

"ಮತ್ತೆ ಮೆಷಿನ್ ಯಾಕಣ್ಣಾ?" ಅಂದೆ.

"ಕಣ್ಮುಂದೆ ಇರ್ಲಿ ಅಂತಾಳೆ."

"ನಾನೇನ್ ಕಂಡಿದ್ನಾ," ಅಂದಳು ಅಜ್ಜಿ.

ಮೊನ್ನೆ ಎಣ್ಣೆ ಕಾಲಿಗಿಳಿದು ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಅಜ್ಜಿ ಕಿರುಚಿದಳು, ಬೀದಿಯೆಲ್ಲ ಓಡಿ ಬಂತು. ಒಬ್ಬರು ನೀರು ತಂದರು, ಒಬ್ಬರು ಬೀಸಣಿಗೆ ಹಿಡಿದರು. ಊರಿಗೇ ನಾಟಕದವನು ನಾನು. ನಾಟಕ ಅಂತ ಮಾತ್ರ ಒಬ್ಬರೂ ಅನ್ನಲಿಲ್ಲ.